ಹುಷಾರಪ್ಪ ಬಲೆ ಬಿಚ್ಚಿದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಬಾಯಲ್ಲಿರುವ ಹಲ್ಲೆಲ್ಲ ಉದುರಿಹೋಗಲಿ. ಎರಡು ಈಗಾಗಲೇ ಹೋಗಿವೆ. ಅವು ಬೇರೊಂದು ಕಥೆ ಹೇಳುವಾಗ ಹೋದವು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹುಷಾರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಸಾಬೂನು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಸೇಫ್ಟಿ ಆಫೀಸರ್ ಆಗಿದ್ದು, ಎದುರಿಗೆ ಬಂದವರಿಗೆಲ್ಲ ನಮಸ್ಕಾರದ ಬದಲು 'ಹುಷಾರಪ್ಪಾ' ಎಂದು ಹೇಳಿ ಹೇಳಿ, ಕೊನೆಕೊನೆಗೆ ಅವನ ಸಂಬಳದ ಚೀಟಿಯಲ್ಲೂ ಅದೇ ಹೆಸರು ಬರತೊಡಗಿತು. ಸಾಬೂನು ಕಾರ್ಖಾನೆಯ ನೆಲವೆಂದರೆ ಸಾಮಾನ್ಯವಲ್ಲ. ಅಲ್ಲಿ ನೊಣ ಕೂತರೂ ನಾಲ್ಕು ಮಾರು ಜಾರಿ ಗೋಡೆಗೆ ಹೋಗಿ ನಿಲ್ಲುತ್ತದೆ. ಅಂಥ ನೆಲದ ಮೇಲೆ ಅವನ ಕಾಲದಲ್ಲಿ ಒಬ್ಬೇ ಒಬ್ಬ ಮನುಷ್ಯ ಬಿದ್ದವನಿಲ್ಲ. ಒಮ್ಮೆ ಕುದಿಸುವ ಕೋಣೆಯ ಗೋಡೆಯಿಂದ ಒಂದು ಹಲ್ಲಿ ಬಿತ್ತು. ಹುಷಾರಪ್ಪ ಆ ಜಾಗಕ್ಕೆ ಸುತ್ತ ಹಗ್ಗ ಕಟ್ಟಿಸಿ, ಮೂವರು ಸಾಕ್ಷಿಗಳ ಹೇಳಿಕೆ ತೆಗೆದುಕೊಂಡು, ಗೋಡೆಯುದ್ದಕ್ಕೂ ಒರಟು ಕಾಗದದ ಪಟ್ಟಿ ಅಂಟಿಸಿದ. ಆಮೇಲೆ ಆ ಕೋಣೆಯ ಹಲ್ಲಿಗಳೆಲ್ಲ ಆ ಪಟ್ಟಿಯ ಮೇಲೇ, ಎಡಗಡೆಯಲ್ಲೇ, ಒಂದರ ಹಿಂದೊಂದು ನಡೆಯುತ್ತಿದ್ದವು. ನಂಬದವರು ಹೋಗಿ ಹಲ್ಲಿಗಳನ್ನೇ ಕೇಳಬಹುದು.

ದಿನಾ ಸಂಜೆ ಅವನು ಮಾಲೀಕರಿಗೆ ಒಂದು ವರದಿ ಬರೆದುಕೊಡಬೇಕಿತ್ತು. ಮೂವತ್ತೆರಡು ವರ್ಷವೂ ವರದಿ ಒಂದೇ: 'ಇಂದು ಏನೂ ಆಗಲಿಲ್ಲ.' ನಿವೃತ್ತನಾದ ದಿನವೂ ಅದನ್ನೇ ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿ ಮನೆಗೆ ಬಂದ.

ಮನೆ ಎಂದರೆ ಮೂರಂತಸ್ತಿನ ಕಟ್ಟಡದ ನಡುವಿನದು. ಬಂದ ಮೊದಲ ವಾರವೇ ಮೆಟ್ಟಿಲಿಗೆಲ್ಲ ಹಳದಿ ಪಟ್ಟಿ ಬಳಿದ. ಕುರ್ಚಿಗಳ ಕಾಲಿಗೆಲ್ಲ ರಬ್ಬರ್ ತೊಡಿಸಿದ. ಮಾತಾಡಿಸಿಕೊಂಡು ಹೋಗಲು ಬಂದ ನೆಂಟರನ್ನು ಎಬ್ಬಿಸಿ ನಿಲ್ಲಿಸಿ, ಅವರು ಕೂತಿದ್ದ ಕುರ್ಚಿಯನ್ನು ಅಲ್ಲಾಡಿಸಿ ನೋಡಿ, ಮತ್ತೆ ಕೂರಿಸಿದ. ಎರಡನೇ ವಾರ ಹೆಂಡತಿ ತರಕಾರಿ ಹೆಚ್ಚುತ್ತಿದ್ದಾಗ, ಚಾಕುವಿಗೂ ಬೆರಳಿಗೂ ನಡುವೆ ಎಷ್ಟು ಅಂತರವಿದೆ ಎಂದು ಸ್ಕೇಲ್ ಹಿಡಿದು ಅಳೆಯಲು ಹೋದ. ಅವಳು ಚಾಕು ಕೆಳಗಿಟ್ಟಳು.

"ರೀ, ನಿಮಗೆ ಕೈ ಮುಗೀತೀನಿ. ಒಂದು ಕಡೆ ಕೂತ್ಕೊಂಡು ಮಾಡೋ ಕೆಲಸ ಯಾವುದಾದ್ರೂ ಹಿಡೀರಿ."

"ಏನು ಹಿಡೀಲಿ?"

"ಪೆನ್ನು ಹಿಡೀರಿ. ಕಥೆ ಬರೀರಿ. ಯಾರ ಕಾಲಿಗೂ ಅಡ್ಡ ಬರಲ್ಲ."

ಅವಳು ಬಾಯಿಗೆ ಬಂದದ್ದು ಹೇಳಿದ್ದು. ಆದರೆ ಅವನು ಸ್ಕೇಲ್ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋಗಿ ನಿಂತ. ಅವನ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಕೆಲಸ ಮಾಡಿ ಬಂದವಳು. ಅವಳ ಕಿವಿಗೆ ದಿನವೂ ಊರಿನ ಅರ್ಧ ಜಗಳ, ಕಾಲು ಪ್ರೇಮ, ಮಿಕ್ಕಿದ್ದು ರಾಂಗ್ ನಂಬರ್. ಸಂಜೆ ಇಬ್ಬರೂ ಕಾಫಿಗೆ ಕೂತಾಗ ಅವಳ ಹತ್ತಿರ ಹೇಳುವುದಕ್ಕೆ ಬೇಕಾದಷ್ಟಿರುತ್ತಿತ್ತು. ಹೆಸರು ಹೇಳುತ್ತಿರಲಿಲ್ಲ, ಒಬ್ಬಳು ಹೀಗಂದಳು, ಒಬ್ಬ ಹೀಗಂದ, ಅಷ್ಟೇ. ಎಲ್ಲ ಹೇಳಿ ಮುಗಿಸಿ ಕೊನೆಗೆ ಕೇಳುವಳು, "ನಿಮ್ಮದೇನಾಯ್ತು ಇವತ್ತು?" ಅವನು, "ಏನೂ ಆಗಲಿಲ್ಲ" ಎನ್ನುವನು. ಅವಳು ಲೋಟ ತೊಳೆಯಲು ಏಳುವಳು. ಇದು ಮೂವತ್ತೆರಡು ವರ್ಷ ನಡೆಯಿತು. ಅಷ್ಟು ವರ್ಷದ ಕಾಫಿಗೆ ಅವನ ಕಡೆಯಿಂದ ಒಂದೇ ಒಂದು ಕಥೆ ಹುಟ್ಟಲಿಲ್ಲ ಎನ್ನುವುದು ಅವತ್ತು ಕಿಟಕಿಯ ಹತ್ತಿರ ನಿಂತಾಗಲೇ ಅವನಿಗೆ ಹೊಳೆದದ್ದು.

ಮಾರನೆಯ ದಿನ ಇನ್ನೂರು ಪುಟದ ನೋಟ್‌ಬುಕ್ ತಂದ. ಪುಟದ ಅಂಚು ಕೈ ಕುಯ್ಯುತ್ತದೆಯೇ ಎಂದು ಒಂದೊಂದೇ ಸವರಿ ನೋಡಿದ. ಆಮೇಲೆ ಜಗತ್ತಿನಲ್ಲೇ ಅತಿ ಅಪಾಯದ ಕೆಲಸ ಯಾವುದೆಂದು ಮೂರು ದಿನ ಯೋಚಿಸಿ, ಹಗ್ಗದ ಮೇಲೆ ನಡೆಯುವವನ ಕಥೆ ಬರೆಯುವುದೆಂದು ತೀರ್ಮಾನಿಸಿದ. ಊರಿನ ಗಡಿಯಾರದ ಗೋಪುರದಿಂದ ನೀರಿನ ಟ್ಯಾಂಕಿನವರೆಗೆ ಅರವತ್ತು ಅಡಿ ಎತ್ತರದಲ್ಲಿ ಹಗ್ಗ. ಅದರ ಮೇಲೆ ಒಬ್ಬ ಮನುಷ್ಯ. ಇದನ್ನು ಬರೆದು ಅವನ ಮೈ ಜುಂ ಎಂದಿತು. ಜುಂ ಎಂದದ್ದೇ ತಡ, ಕೆಳಗೊಂದು ಬಲೆ ಕಟ್ಟಿದ.

ಬಲೆ ಹರಿದರೆ? ಬಲೆಯ ಕೆಳಗೆ ಇನ್ನೊಂದು ಬಲೆ ಕಟ್ಟಿದ. ಹಗ್ಗದವನ ಸೊಂಟಕ್ಕೆ ಬೆಲ್ಟ್ ಹಾಕಿದ. ಕೈಯಲ್ಲಿದ್ದ ಕೊಡೆಯ ತುದಿ ಚೂಪಾಗಿತ್ತು, ಅದಕ್ಕೆ ಬಿರಡೆ ಚುಚ್ಚಿದ. ಮೂರನೇ ಅಧ್ಯಾಯದಲ್ಲಿ ಹಗ್ಗದ ಎತ್ತರವನ್ನು ಅರವತ್ತರಿಂದ ಆರಕ್ಕೆ ಇಳಿಸಿದ. ಐದನೇ ಅಧ್ಯಾಯದಲ್ಲಿ ಒಂದು ಅಡಿಗೆ ಇಳಿಸಿದ. ಬಲೆಗಳು ನೆಲಕ್ಕೆ ತಾಗುತ್ತಿದ್ದವು, ಆದರೂ ಬಿಚ್ಚಲಿಲ್ಲ. ಏಳನೆಯದರಲ್ಲಿ ಹಗ್ಗ ಕಾಲಿಗೆ ಒತ್ತುತ್ತದೆಂದು ಅದನ್ನು ತೆಗೆದು ಹಲಗೆ ಹಾಕಿಸಿದ. ಎರಡೂ ಕಡೆ ಕಂಬಿ ನಿಲ್ಲಿಸಿದ. 'ಒಬ್ಬೊಬ್ಬರಾಗಿ ನಡೆಯಿರಿ' ಎಂದು ಬೋರ್ಡ್ ಬರೆಸಿದ. ನೋಡಲು ಬಂದ ಜನಕ್ಕೆಲ್ಲ ಹೆಲ್ಮೆಟ್ ಹಂಚಿದ. ಹೀಗೆ ನೂರ ನಲವತ್ತು ಪುಟ ತುಂಬಿತು. ಹಗ್ಗದವನು ಇನ್ನೂ ಮೊದಲ ಹೆಜ್ಜೆ ಇಟ್ಟಿರಲಿಲ್ಲ, ಏಕೆಂದರೆ ಅವತ್ತು ಸ್ವಲ್ಪ ಗಾಳಿ ಇತ್ತು.

ಒಂದು ದಿನ ಸಂಜೆ ನಾಲ್ಕು ಗಂಟೆಗೆ, ಕಾಫಿ ಆದ ಮೇಲೆ, ಹೆಂಡತಿಯನ್ನು ಕೂರಿಸಿಕೊಂಡು ಗಂಟಲು ಸರಿಮಾಡಿಕೊಂಡ.

"ಇವತ್ತು ನನ್ನ ಕಡೆಯಿಂದ ಒಂದು ಕಥೆ ಇದೆ ಕಣೇ."

"ಅಯ್ಯೋ, ನಿಜವಾಗ್ಲೂ ಬರೆದ್ರಾ! ಓದಿ ಓದಿ," ಎಂದು ಅವಳು ಕಾಲು ಮೇಲಕ್ಕೆಳೆದುಕೊಂಡು ಕೂತಳು.

ಎರಡನೇ ಬಲೆ ಕಟ್ಟುವ ಹೊತ್ತಿಗೆ ಅವಳ ತಲೆ ಗೋಡೆಗೆ ಒರಗಿತ್ತು. ಬೆಲ್ಟ್ ಹಾಕುವ ಹೊತ್ತಿಗೆ ಗೊರಕೆ.

ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅವಳು ಎಂಥವಳು? ನೈಟ್ ಡ್ಯೂಟಿಯಲ್ಲಿ ನಾಲ್ಕು ಊರಿನ ಲೈನನ್ನು ಎರಡು ಕಿವಿಯಲ್ಲಿ ಹಿಡಿದು ಬೆಳಗಿನವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳು. ಯಾರದೋ ಚಿಕ್ಕಪ್ಪ ತನ್ನ ಮಂಡಿನೋವಿನ ವಿಷಯ ಎರಡೂವರೆ ಗಂಟೆ ಹೇಳಿದ್ದನ್ನು ಆಕಳಿಸದೆ ಕೇಳಿದವಳು. ಅಂಥವಳು ಗಂಡನ ಕಥೆಯ ಮೂರನೇ ಪುಟಕ್ಕೆ ಮಲಗಿದಳು.

ಎಚ್ಚರವಾದಾಗ ಅವಳಿಗೇ ನಾಚಿಕೆಯಾಯಿತು. "ಬೆಳಗ್ಗೆ ಬೇಗ ಎದ್ದಿದ್ದೆ ನೋಡಿ. ನಾಳೆ ಓದಿ, ಖಂಡಿತ ಕೇಳ್ತೀನಿ." ಮಾರನೆಯ ದಿನ ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂತಳು; ಕೂತಲ್ಲೇ ಮಲಗಿದಳು. ಅದರ ಮಾರನೆಯ ದಿನ ಬಕೆಟ್ ತುಂಬ ತಣ್ಣೀರು ತುಂಬಿಸಿ ಅದರಲ್ಲಿ ಕಾಲಿಟ್ಟುಕೊಂಡು ಕೂತಳು. ಐದು ನಿಮಿಷಕ್ಕೆ ಬಕೆಟ್ಟಿನ ನೀರು ಕೂಡ ಅಲುಗಾಡದೆ ಸ್ತಬ್ಧವಾಯಿತು.

ಅಷ್ಟರಲ್ಲಿ ವಿಷಯ ಕಟ್ಟಡದಲ್ಲೆಲ್ಲ ಹರಡಿತು. ಕೆಳಗಿನ ಮನೆಯವನು ಒಂದು ಗೋದಾಮಿಗೆ ರಾತ್ರಿ ಕಾವಲು ಹೋಗುವವನು; ಹಗಲು ನಿದ್ದೆ ಬಾರದೆ ಹನ್ನೊಂದು ವರ್ಷದಿಂದ ಒದ್ದಾಡುತ್ತಿದ್ದ. ಅವನು ಕಿಟಕಿಯ ಕೆಳಗೆ ಬೀಡಿ ಹಚ್ಚುತ್ತಿದ್ದಾಗ ಮೇಲಿನಿಂದ ಏಳನೇ ಅಧ್ಯಾಯ ಕಿವಿಗೆ ಬಿತ್ತು. ಕಡ್ಡಿ ಗೀರಿದ್ದಷ್ಟೇ ಅವನಿಗೆ ನೆನಪು. ಎದ್ದಾಗ ಮಾರನೆಯ ದಿನ ಮಧ್ಯಾಹ್ನ.

"ಸಾರ್, ನಿಮ್ಮ ಕಾಲಿಗೆ ಬೀಳ್ಬೇಕು ನಾನು," ಎಂದು ಬಾಗಿಲಲ್ಲಿ ಬಂದು ನಿಂತ.

"ಬೀಳೋದು ಗೀಳೋದು ಬೇಡ, ನೆಲ ಒದ್ದೆ ಇದೆ. ಕಥೆ ಹೇಗಿತ್ತು?"

"ಕಥೇನಾ? ಅದೇನು ಕಥೆ ಅಂತ ಗೊತ್ತಿಲ್ಲ ಸಾರ್. ಹಲಗೆ ಅಂದ್ರಿ, ಕಂಬಿ ಅಂದ್ರಿ, ಆಮೇಲೆ ಹೊಟ್ಟೆಗೆ ಹಾಲು ಕುಡಿಸಿ ತಟ್ಟಿದ ಹಾಗಾಯ್ತು. ನಾಳೆಯಿಂದ ಸ್ವಲ್ಪ ಜೋರಾಗಿ ಓದ್ತೀರಾ?"

ಮೇಲಿನ ಮನೆಯಲ್ಲಿ ಎಂಟು ತಿಂಗಳ ಅವಳಿ ಮಕ್ಕಳಿದ್ದವು. ಒಂದು ಮಲಗಿದರೆ ಇನ್ನೊಂದು ಏಳುವ ಒಪ್ಪಂದ ಮಾಡಿಕೊಂಡು ಹುಟ್ಟಿದವು. ಅವುಗಳ ತಾಯಿ ಎರಡೂ ಕಂಕುಳಲ್ಲಿ ಒಂದೊಂದನ್ನು ಇಟ್ಟುಕೊಂಡು ಇಳಿದುಬಂದಳು. "ಅಂಕಲ್, ಒಂದೇ ಒಂದು ಹಾಳೆ ಕೊಡಿ. ಝೆರಾಕ್ಸ್ ಮಾಡಿಸ್ಕೊಂಡು ವಾಪಸ್ ಕೊಡ್ತೀನಿ. ಕೊಡೆಗೆ ಬಿರಡೆ ಚುಚ್ತಾರಲ್ಲ, ಅದೇ ಸಾಕು. ಪೂರ್ತಿ ಅಧ್ಯಾಯ ಮಕ್ಕಳಿಗೆ ಜಾಸ್ತಿಯಾಗುತ್ತೆ."

ಅಂಚೆಯವನು ಮೆಟ್ಟಿಲ ಮೇಲೆ ಮಲಗಿದ. ಮಲಗಿದ ಅಂಚೆಯವನನ್ನು ನೋಡಿ ಬೊಗಳಲು ಬಂದ ನಾಯಿ ಬೊಗಳುವಿಕೆಯ ಅರ್ಧದಲ್ಲೇ ಮಲಗಿತು. ಗೋಡೆಯ ಗಡಿಯಾರ ಹನ್ನೆರಡು ನಿಮಿಷ ಹಿಂದೆ ಬಿತ್ತು ಎಂದೂ ಹೇಳುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡಿಲ್ಲ, ಹಾಗಾಗಿ ಸೇರಿಸುವುದಿಲ್ಲ.

ಎಲ್ಲರೂ ಹೊಗಳುವವರೇ. ದಾರಿಯಲ್ಲಿ ಕೈ ಹಿಡಿದು ಕುಲುಕುವವರೇ. ಹುಷಾರಪ್ಪ ಮಾತ್ರ ದಿನದಿಂದ ದಿನಕ್ಕೆ ಬಾಡಿದ. ಅವನಿಗೆ ಬೇಕಿದ್ದದ್ದು ಒಂದೇ ಒಂದು: ಆ ಹೆಂಗಸು ಕಣ್ಣು ಬಿಟ್ಟುಕೊಂಡು ತನ್ನ ಕಥೆ ಕೇಳಬೇಕು, ಆಮೇಲೆ ಏನಾಯ್ತು ಎಂದು ಒಂದು ಸಲ ಬಾಯಿ ಬಿಟ್ಟು ಕೇಳಬೇಕು. ಒಂದು ಸಂಜೆ ಅವಳು ಕಣ್ಣುಜ್ಜಿಕೊಂಡು ಎದ್ದು, ಅವನ ಮುಖ ನೋಡಿ, "ಚೆನ್ನಾಗಿತ್ತು ರೀ" ಎಂದಳು. ಅವಳು ಸುಳ್ಳು ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅವನು ನೋಟ್‌ಬುಕ್ ಮುಚ್ಚಿ ಬೀರುವಿನ ಮೇಲಿಟ್ಟ. ಬೀಳದ ಹಾಗೆ ಗೋಡೆಗೆ ತಳ್ಳಿಯೇ ಇಟ್ಟ.

ನಾಲ್ಕು ದಿನ ಓದಲಿಲ್ಲ. ಕಟ್ಟಡ ನಾಲ್ಕು ದಿನ ಮಲಗಲಿಲ್ಲ. ಐದನೇ ದಿನ ಹೆಂಡತಿಯ ತಮ್ಮ ಬಂದ.

ಈ ಭಾವಮೈದ ಕ್ಷೌರದ ಅಂಗಡಿಯವನು. ಹುಷಾರಪ್ಪನ ತಲೆಗೆ ಕೂದಲು ಕಡಿಮೆ, ಆದರೂ ತಿಂಗಳಿಗೊಮ್ಮೆ ಮನೆಗೇ ಬಂದು ಇದ್ದಷ್ಟನ್ನು ಕತ್ತರಿಸಿ ಹೋಗುವ ಪದ್ಧತಿ. ಕುತ್ತಿಗೆಗೆ ಬಟ್ಟೆ ಕಟ್ಟಿ ಕೇಳಿದ, "ಭಾವ, ಕಥೆ ನಿಲ್ಲಿಸಿದ್ರಂತೆ?"

"ನಿಮ್ಮಕ್ಕನಿಗೆ ನಿದ್ದೆ ಬರುತ್ತಪ್ಪ."

"ಅವಳಿಗೊಬ್ಬಳಿಗೇನಾ? ಹೋದ ಸಲ ನೀವು ಓದ್ತಾ ನಾನು ಕತ್ತರಿಸ್ತಾ ಇದ್ದೆನಲ್ಲ, ನನಗೆ ಕಣ್ಣು ಹತ್ತಿ ನಿಮ್ಮ ಎಡಗಿವಿ ಪಕ್ಕದ ಕೂದಲೇ ಹೋಯ್ತು. ನೀವು ನೋಡ್ಕೊಂಡಿಲ್ಲ, ನಾನು ಹೇಳಲಿಲ್ಲ."

"ಏನು ಕೊರತೆ ಹೇಳು ಅದರಲ್ಲಿ. ಒಂದು ತಪ್ಪು ತೋರಿಸು."

"ತಪ್ಪೇ ಇಲ್ವಲ್ಲ ಭಾವ, ಅದೇ ತಪ್ಪು. ಹಾವೂ ಸಾಯಬಾರದು ಕೋಲೂ ಮುರೀಬಾರದು ಅಂತಾರೆ. ನಿಮ್ಮ ಕಥೇಲಿ ಹಾವೇ ಇಲ್ಲ, ಕೋಲಿಗೆ ಬೇರೆ ರಬ್ಬರ್ ಟೋಪಿ ಹಾಕಿದೀರಿ." ಅವನು ಕತ್ತಿ ಬಿಚ್ಚಿ ಹುಷಾರಪ್ಪನ ಕುತ್ತಿಗೆಗೆ ಇಟ್ಟ. "ಈಗ ನಿಮಗೆ ನಿದ್ದೆ ಬರ್ತಿದೆಯಾ?"

"ಇಲ್ಲ," ಎಂದ ಹುಷಾರಪ್ಪ, ಗಂಟಲು ಅಲುಗಾಡಿಸದೆ.

"ನನ್ನ ಅಂಗಡೀಲಿ ಜನ ಯಾಕೆ ನನ್ನ ಹರಟೇನ ಕಮಕ್ ಕಿಮಕ್ ಅನ್ನದೆ ಕೇಳ್ತಾರೆ ಗೊತ್ತಾ? ಇದು ಇಲ್ಲಿರುತ್ತೆ. ಆ ಹಗ್ಗದವನ ಕೆಳಗಿನ ಬಲೆ ಬಿಚ್ಚಿ ಭಾವ. ಬಿದ್ರೆ ಬೀಳ್ಲಿ."

"ಬಿದ್ರೆ ಬೀಳ್ಲಿ ಅಂತ ಎಷ್ಟು ಸಲೀಸಾಗಿ ಹೇಳ್ತೀಯಲ್ಲೋ! ಅವನೂ ಒಂದು ತಾಯಿ ಹೆತ್ತ ಮಗ."

"ಹೆತ್ತವರು ನೀವೇ ಅಲ್ವಾ," ಎಂದು ಭಾವಮೈದ ಬಟ್ಟೆ ಕೊಡವಿದ.

ಮಾರನೆಯ ಬೆಳಿಗ್ಗೆ ಹುಷಾರಪ್ಪ ನೋಟ್‌ಬುಕ್ ಇಳಿಸಿದ. 'ಬಲೆ ಬಿಚ್ಚಿದರು' ಎಂದು ಬರೆದ. ಬೆವರಿದ. ಹೊಡೆದುಹಾಕಿದ. 'ಬಲೆಯನ್ನು ತೊಳೆಯಲು ಬಿಚ್ಚಿ ಮತ್ತೆ ಕಟ್ಟಿದರು' ಎಂದು ಬರೆದ. ಅದನ್ನೂ ಹೊಡೆದುಹಾಕಿದ. ಕೈ ಮಾತು ಕೇಳುತ್ತಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಆ ಕೈ ಬಲೆ ಕಟ್ಟಿದೆಯೇ ಹೊರತು ಬಿಚ್ಚಿದ್ದಿಲ್ಲ.

ಬಿಚ್ಚಿದ್ದಿಲ್ಲ ಎಂದರೂ ತಪ್ಪೇ. ಕಾರ್ಖಾನೆಯಲ್ಲಿ ಕೆಲವು ಸಲ ರಿಪೇರಿಗೆಂದು ಕಂಬಿಯನ್ನೋ ಮುಚ್ಚಳವನ್ನೋ ತೆಗೆಯಲೇಬೇಕಾಗುತ್ತಿತ್ತು. ಅದಕ್ಕೊಂದು ಪರ್ಮಿಟ್ ಚೀಟಿ ಇತ್ತು. ಏನು ತೆಗೆಯುವುದು, ಯಾಕೆ ತೆಗೆಯುವುದು, ಕೆಳಗೆ ಎರಡು ಸಹಿ: ಒಂದು ಸೇಫ್ಟಿ ಆಫೀಸರದು, ಇನ್ನೊಂದು ಆ ಅಪಾಯದಲ್ಲಿ ನಿಂತು ಕೆಲಸ ಮಾಡುವವನದು. ಅವನು ಒಪ್ಪಿ ಸಹಿ ಹಾಕದಿದ್ದರೆ ಸಾಕ್ಷಾತ್ ಮಾಲೀಕ ಬಂದು ಹೇಳಿದರೂ ಒಂದು ಸ್ಕ್ರೂ ಅಲುಗಾಡುವಂತಿಲ್ಲ. ಇದು ಹುಷಾರಪ್ಪನೇ ಹಾಕಿದ ನಿಯಮ.

ದಾರಿ ಸಿಕ್ಕಿತು. ನೋಟ್‌ಬುಕ್ಕಿನ ನೂರ ನಲವತ್ತೊಂದನೇ ಪುಟದಲ್ಲಿ ಸ್ಕೇಲ್ ಇಟ್ಟು ಚೌಕ ಎಳೆದು ಬರೆದ: 'ಬಲೆ ಎರಡು, ಬೆಲ್ಟ್ ಒಂದು, ಕಂಬಿ ಎರಡು, ಹಲಗೆ ಒಂದು, ಬಿರಡೆ ಒಂದು. ಇವುಗಳನ್ನು ತೆಗೆದು ಹಗ್ಗವನ್ನು ಮೊದಲಿನ ಎತ್ತರಕ್ಕೆ ಕಟ್ಟಲು ಅನುಮತಿ. ಕಾರಣ: ಹೆಂಡತಿ.' ಕೆಳಗೆ ಎಡಗಡೆ ತನ್ನ ಸಹಿ ಹಾಕಿದ. ಬಲಗಡೆಯ ಗೆರೆ ಖಾಲಿ ಇತ್ತು. ಅಲ್ಲಿ ಬೇರೆಯವರ ಸಹಿ ತಾನು ಹಾಕುವಂತಿಲ್ಲ. ಒಳಗೊಳಗೇ ಅವನಿಗೆ ಸಮಾಧಾನವೂ ಆಯಿತು. ಹಗ್ಗದವನು ಬುದ್ಧಿಯಿರುವ ಆಳು, ಒಪ್ಪುವುದಿಲ್ಲ. ಅಲ್ಲಿಗೆ ತನ್ನ ಮೇಲೇನೂ ಬರುವುದಿಲ್ಲ. ನಿಯಮ ನಿಯಮವೇ ಎಂದು, ಕೇಳುವ ಶಾಸ್ತ್ರಕ್ಕೆ ಬರೆದ: 'ಹಗ್ಗದವನು ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಹೇಳಿದ:'

'ಬೇಡ ಸಾರ್' ಎಂದು ಬರೆಯಲು ಪೆನ್ನು ಊರಿದ. ಪೆನ್ನು ಬರೆದದ್ದು ಬೇರೆ.

"ಇಷ್ಟು ದಿನ ಎಲ್ಲಿಗೆ ಹಾಳಾಗಿ ಹೋಗಿದ್ರಿ ಸಾರ್?"

ಹುಷಾರಪ್ಪ ಪೆನ್ನು ಎತ್ತಿ ನೋಡಿದ. ಅದೇ ಪೆನ್ನು. ಮತ್ತೆ ಕಾಗದಕ್ಕೆ ತಾಗಿಸಿದ.

"ನೂರ ನಲವತ್ತು ಪುಟದಿಂದ ನಿಂತೇ ಇದೀನಿ. ಮೊಣಕಾಲು ಹಿಡ್ಕೊಂಡು ಹೋಗಿದೆ. ಆ ಕಡೆ ಟ್ಯಾಂಕಿನ ಮೇಲೆ ನಮ್ಮಣ್ಣ ನಿಂತಿದಾನೆ, ಅವನನ್ನಾದ್ರೂ ನೋಡಿದ್ರಾ?"

"ಯಾವ ಅಣ್ಣ?" ಎಂದ ಹುಷಾರಪ್ಪ, ಬಾಯಿ ಬಿಟ್ಟೇ.

"ಹನ್ನೆರಡು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿರೋ ಅಣ್ಣ. ಹಗ್ಗ ಕಟ್ಟೋದು ಕಲಿಸಿದವನೇ ಅವನು. ಆ ತುದೀಲಿ ಗಂಟು ಹಾಕಿದವನೂ ಅವನೇ. ಈ ಕಡೆಯಿಂದ ಆ ಕಡೆಗೆ ನಡ್ಕೊಂಡು ಬಂದ್ರೆ ಮಾತಾಡ್ತೀನಿ ಅಂತ ಬೇರೆಯವರ ಕೈಲಿ ಹೇಳಿ ಕಳಿಸಿದಾನೆ. ಹಲಗೆ ಮೇಲೆ ಕಂಬಿ ಹಿಡ್ಕೊಂಡು ಹೋದ್ರೆ ಮಾತಾಡಿಸ್ತಾನಾ, ಮುಖಕ್ಕೆ ಉಗೀತಾನಾ? ಕೊಡಿ ಇಲ್ಲಿ ಪೆನ್ನು."

ಬಲಗಡೆಯ ಗೆರೆಯ ಮೇಲೆ ಸಹಿ ಬಿತ್ತು. ಆ ಸಹಿಯನ್ನು ನಾನು ನೋಡಿದ್ದೇನೆ. ಹುಷಾರಪ್ಪನ ಅಕ್ಷರ ನೆಟ್ಟಗೆ ಕಂಬ ನಿಂತ ಹಾಗೆ. ಈ ಸಹಿ ಬಲಕ್ಕೆ ವಾಲಿ, ಕೊನೆಗೆ ಒಂದು ಬಾಲ ಬಿಟ್ಟಿದೆ.

ಆಮೇಲೆ ಏನಾಯಿತು ಎಂದು ಅವನನ್ನು ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ಹೆಂಡತಿ ಎರಡು ಸಲ ಊಟಕ್ಕೆ ಕರೆದಳು. ಎರಡನೇ ಸಲ ಬಾಗಿಲಲ್ಲಿ ಇಣುಕಿ ನೋಡಿದರೆ, ಕಾರ್ಖಾನೆಯವರು ಬೀಳ್ಕೊಡುಗೆಗೆ ಕೊಟ್ಟ ಹೆಲ್ಮೆಟನ್ನು ತಲೆಗೆ ಹಾಕಿಕೊಂಡು, ಗಲ್ಲದ ಪಟ್ಟಿ ಬಿಗಿದುಕೊಂಡು, ಗಂಡ ಬರೆಯುತ್ತಿದ್ದಾನೆ. ಕುರ್ಚಿಯ ಹಿಂದಿನ ಎರಡು ಕಾಲಿನ ಮೇಲೆ ವಾಲಿ ಕೂತಿದ್ದಾನೆ. ಮದುವೆಯಾದಾಗಿನಿಂದ ಅವನು ನಾಲ್ಕಕ್ಕಿಂತ ಕಡಿಮೆ ಕಾಲಿನ ಮೇಲೆ ಕೂತದ್ದನ್ನು ಅವಳು ನೋಡಿರಲಿಲ್ಲ. ಸದ್ದು ಮಾಡದೆ ಹೋಗಿ ತಟ್ಟೆ ಮುಚ್ಚಿಟ್ಟಳು.

ಭಾನುವಾರ ಸಂಜೆ ನಾಲ್ಕಕ್ಕೆ ಓದು ಎಂದು ಗೊತ್ತಾಗಿದ್ದೇ ತಡ, ಕಟ್ಟಡಕ್ಕೆ ಹೋದ ಜೀವ ಬಂತು. ಕಾವಲಿನವನು ಚಾಪೆ ದಿಂಬು ಹಿಡಿದು ಮೂರೂವರೆಗೇ ಬಂದು ಗೋಡೆಯ ಪಕ್ಕದ ಜಾಗ ಹಿಡಿದ. ಮೇಲಿನ ಮನೆಯವಳು ಮಕ್ಕಳನ್ನು ಎರಡು ತೊಡೆಯ ಮೇಲೆ ಮಲಗಿಸಿಕೊಂಡು, ತಾನೂ ಮಲಗಲು ಅನುಕೂಲವಾಗುವಂತೆ ಕಂಬಕ್ಕೆ ಒರಗಿದಳು. ಭಾವಮೈದ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಹೆಂಡತಿ ಮಂಚದ ಮೇಲೆ ಗೋಡೆಗೆ ದಿಂಬು ಕೊಟ್ಟು ಕೂತು, "ರೀ, ಈ ಸಲ ನಾನು ಮಲಗಿದ್ರೆ ನನ್ನ ಮುಖಕ್ಕೆ ನೀರು ಹಾಕಿ," ಎಂದಳು.

"ನೆಲ ಒದ್ದೆಯಾಗುತ್ತೆ," ಎಂದು ಹುಷಾರಪ್ಪ ಕನ್ನಡಕ ಹಾಕಿಕೊಂಡ.

ನೂರ ನಲವತ್ತು ಪುಟವನ್ನು ಬಿಟ್ಟು ನೇರ ಚೀಟಿಯಿಂದಲೇ ಶುರು ಮಾಡಿದ. ಕಾವಲಿನವನು ಅಭ್ಯಾಸಬಲದಿಂದ ಮೊದಲ ಸಾಲಿಗೇ ಕಣ್ಣು ಮುಚ್ಚಿದ. ಹಗ್ಗದವನು ಸಹಿ ಹಾಕಿದ. ಮೊದಲ ಬಲೆ ಬಿಚ್ಚಿದರು. ಕಾವಲಿನವನ ಒಂದು ಕಣ್ಣು ತೆರೆಯಿತು. ಎರಡನೇ ಬಲೆ ಬಿಚ್ಚಿದರು. ಇನ್ನೊಂದೂ ತೆರೆಯಿತು.

"ಸಾರ್, ಅದು ಬಲೆ ಬಿಚ್ತಾರೆ ಅಂದ್ರಾ, ಕಟ್ತಾರೆ ಅಂದ್ರಾ?"

"ಶ್!" ಎಂದಳು ಹೆಂಡತಿ.

ಹುಷಾರಪ್ಪ ಓದಿದ. ಹಗ್ಗದವನು ಗೋಪುರದ ಅಂಚಿಗೆ ಬಂದು ಚಪ್ಪಲಿ ಬಿಟ್ಟ. ಕೆಳಗೆ ಜನ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಿದ್ದರು. ಗಾಳಿ ಇತ್ತು, ಇದ್ದರೂ ಕಾಲಿಟ್ಟ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಆ ತುದಿಯಲ್ಲಿ ಅಣ್ಣ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ನಡು ದಾಟಿ ಇನ್ನೈದಾರು ಹೆಜ್ಜೆ ಉಳಿದಾಗ ಹಗ್ಗದವನು ಕರೆದ, 'ಅಣ್ಣಾ, ನೋಡು, ಬಂದೆ.' ಅಣ್ಣ ತಿರುಗಲಿಲ್ಲ.

"ಎಂಥ ಕಲ್ಲುಮನಸ್ಸಿನವನು ರೀ ಅವನು!" ಎಂದಳು ಹೆಂಡತಿ. ದಿಂಬು ಅವಳ ಬೆನ್ನ ಹಿಂದಿನಿಂದ ತೊಡೆಯ ಮೇಲಕ್ಕೆ ಬಂದಿತ್ತು. "ಒಂದು ಸಲ ತಿರುಗಿದ್ರೆ ಗಂಟು ಹೋಗ್ತಿತ್ತಾ ಇವನದ್ದು?"

"ಆಂಟಿ, ಮಧ್ಯ ಮಾತಾಡ್ಬೇಡಿ," ಎಂದಳು ಮೇಲಿನ ಮನೆಯವಳು. ಅವಳಿಗಳೆರಡೂ ಎದ್ದು ಕೂತು, ಬಾಯಿಗೆ ಹಾಕಿಕೊಂಡ ಬೆರಳನ್ನು ಹಾಗೇ ಬಿಟ್ಟು, ಹುಷಾರಪ್ಪನ ಬಾಯನ್ನೇ ನೋಡುತ್ತಿದ್ದವು.

ಹುಷಾರಪ್ಪ ತಲೆಯೆತ್ತಲಿಲ್ಲ. ಎತ್ತಿದರೆ ಎಲ್ಲಿ ಮುಖದಲ್ಲಿ ನಗು ಕಾಣಿಸುತ್ತದೋ ಎಂದು ಹೆದರಿ ಪುಟವನ್ನು ಮೂಗಿನ ಹತ್ತಿರ ಹಿಡಿದು ಓದಿದ. ಗಾಳಿ ಒಂದು ಸಲ ಬೀಸಿತು. ಹಗ್ಗ ಎಡಕ್ಕೆ ಹೋಯಿತು, ಕಾಲು ಬಲಕ್ಕೆ ಹೋಯಿತು. ಕೊಡೆ ಕೈಬಿಟ್ಟು ತಿರುಗುತ್ತಾ ತಿರುಗುತ್ತಾ ಕೆಳಗಿಳಿಯಿತು. ಜನರೆಲ್ಲ ಕೊಡೆಯನ್ನೇ ನೋಡುತ್ತಿದ್ದರು. ಅದು ನೆಲ ಮುಟ್ಟಿದ ಮೇಲೆ ತಲೆಯೆತ್ತಿ ನೋಡಿದರೆ, ಹಗ್ಗದವನು ಒಂದೇ ಕೈಯಲ್ಲಿ ಜೋತಾಡುತ್ತಿದ್ದ.

"ಅಯ್ಯಯ್ಯೋ!" ಕಾವಲಿನವನು ಚಾಪೆ ಬಿಟ್ಟು ಎದ್ದು ನಿಂತ. "ಬಲೆ ಎಲ್ಲಿ ಸಾರ್ ಬಲೆ?"

"ಬಿಚ್ಚಿ ಆಯ್ತಲ್ಲಪ್ಪ."

"ಯಾರು ಬಿಚ್ಚಿಸಿದ್ದು?" ಹೆಂಡತಿಯ ದನಿ ಎಕ್ಸ್‌ಚೇಂಜಿನಲ್ಲಿ ಬೇರೆ ಊರಿನ ಲೈನಿಗೆ ಕೂಗುತ್ತಿದ್ದ ದನಿ. "ನೀವಾ? ಮೆಟ್ಟಿಲಿಗೆ ಬಣ್ಣ ಬಳಿದವರು, ನೆಂಟರ ಕುರ್ಚಿ ಅಲ್ಲಾಡಿಸಿದವರು, ಅರವತ್ತು ಅಡಿ ಮೇಲಿರೋನ ಕೆಳಗಿನ ಬಲೆ ಬಿಚ್ಚಿದ್ರಾ? ನಿಮಗೇನು ಬುದ್ಧಿಗಿದ್ಧಿ ಇದೆಯಾ?"

"ಅವನೇ ಸಹಿ ಹಾಕಿದಾನೆ ಕಣೇ."

"ಅವನು ಹಾಕ್ತಾನೆ, ಚಿಕ್ಕವನು! ನಿಮಗೆ ಗೊತ್ತಾಗ್ಬಾರ್ದಾ? ಆ ಅಣ್ಣ ಏನ್ಮಾಡ್ತಿದಾನೆ ಅಲ್ಲಿ, ಕತ್ತೆ ಕಾಯ್ತಿದಾನಾ?"

"ಅದನ್ನೇ ಓದ್ತಿದೀನಿ, ಓದೋಕೆ ಬಿಟ್ರೆ."

"ಓದಿ ಭಾವ, ಓದಿ," ಎಂದ ಭಾವಮೈದ. ಅವನು ಯಾವಾಗಲೋ ಜೇಬಿನಿಂದ ಬಾಚಣಿಗೆ ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ.

ಕೋಣೆಯಲ್ಲಿ ಆರು ಜೊತೆ ಕಣ್ಣು, ಒಂದೂ ರೆಪ್ಪೆ ಹೊಡೆಯುತ್ತಿಲ್ಲ. ಹುಷಾರಪ್ಪ ಪುಟ ತಿರುಗಿಸಿದ. ಅಣ್ಣ ಜನರ ಕೂಗು ಕೇಳಿ ತಿರುಗಿದ್ದ. ತಿರುಗಿ, ಹಗ್ಗದ ಮೇಲೆ ಕಾಲಿಟ್ಟಿದ್ದ. ಅವನು ಹಗ್ಗ ಹತ್ತದೆ ಹನ್ನೆರಡು ವರ್ಷವಾಗಿತ್ತು. ಒಂದು ಹೆಜ್ಜೆ ಇಟ್ಟರೆ ಹಗ್ಗ ಅಲುಗಾಡಿ ತಮ್ಮನ ಒಂದು ಬೆರಳು ಸಡಿಲವಾಗುತ್ತದೆ. ಇಡದಿದ್ದರೆ ತಮ್ಮನನ್ನು ಹಿಡಿಯಲು ಬೇರೆ ಯಾರ ಕೈಯೂ ಇಲ್ಲ. ಅಣ್ಣ ಎರಡನೇ ಹೆಜ್ಜೆ ಇಟ್ಟ. ಕಿರುಬೆರಳು ಬಿಟ್ಟಿತು. ಮೂರನೆಯದು ಇಟ್ಟ. ಉಂಗುರದ ಬೆರಳು ಬಿಟ್ಟಿತು. 'ಅಲ್ಲಾಡಬೇಡ್ವೋ' ಎಂದ ಅಣ್ಣ. ಹನ್ನೆರಡು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. 'ನಾನೆಲ್ಲಿ ಅಲ್ಲಾಡ್ತಿದೀನಿ, ನೀನೇ ಅಲ್ಲಾಡಿಸ್ತಿರೋದು' ಎಂದ ತಮ್ಮ.

"ಈಗ್ಲೂ ಜಗಳ ನೋಡು ಇವಕ್ಕೆ," ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು. ಅವಳು ಮಂಚದಿಂದ ಇಳಿದು ನಿಂತಿದ್ದು ಯಾವಾಗ ಎಂದು ಯಾರಿಗೂ ಗೊತ್ತಾಗಲಿಲ್ಲ.

ಹುಷಾರಪ್ಪ ಓದಿದ, "ಅಣ್ಣ ಹಗ್ಗದ ಮೇಲೆ ಬೋರಲಾಗಿ ಮಲಗಿ, ತೋಳನ್ನು ಎಷ್ಟು ಉದ್ದ ಆಗುತ್ತೋ ಅಷ್ಟು ಚಾಚಿದ. ಇನ್ನು ನಾಲ್ಕು ಬೆರಳು ಅಂತರ ಇತ್ತು. ಅಷ್ಟರಲ್ಲಿ ತಮ್ಮನ ಕೈ..."

ಹೆಂಡತಿ ಸರ್ರನೆ ತಿರುಗಿ ಒಳಗಿನ ಕೋಣೆಗೆ ಹೊರಟೇಬಿಟ್ಟಳು.

"ಏಯ್, ಎಲ್ಲಿಗೆ ಹೊರಟೆ? ವಾಕ್ಯ ಇನ್ನೂ ಮುಗಿದಿಲ್ಲ!"

ಒಳಗಿನಿಂದ ಹಾಸಿಗೆ ಎಳೆಯುವ ಸದ್ದು ಬಂತು. ಆಮೇಲೆ ಅವಳ ಏದುಸಿರು, ಆಮೇಲೆ ಅವಳ ಕೂಗು:

"ಅವನನ್ನ ಹಾಗೇ ಹಿಡ್ಕೊಂಡಿರಿ! ಬಿಟ್ಟೀರಾ ಮತ್ತೆ! ಕೆಳಗೆ ಹಾಸೋಕೆ ತರ್ತಿದೀನಿ, ಏಯ್ ತಮ್ಮಾ, ಈ ಕಡೆ ತುದಿ ಹಿಡಿ ಬಾರೋ!"

ಭಾವಮೈದ ಬಾಚಣಿಗೆ ಉಗಿದು ಒಳಗೆ ಓಡಿದ. ಅವನ ಹಿಂದೆ ಕಾವಲಿನವನೂ ಓಡಿದ. ಹುಷಾರಪ್ಪ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮೇಲಕ್ಕೆತ್ತಿ,

"ಹಿಡಿದಿದೀನಿ ಕಣೇ, ಬೇಗ ಬಾ," ಎಂದು ಕೂಗಿದ.